ಸಾವುಕಾರರ ಮೋಟಾರು ಮತ್ತು ಪಾಳಾದ ಅಡಿವೆಯ್ಯ

ಪಾಳಾ ಎಂಬ ಹಳ್ಳಿಯ ಅಡಿವೆಯ್ಯ ಹುಟ್ಟಿದ್ದು ಜಂಗಮರ ಮನೆಯಲ್ಲಿ. ಅಪ್ಪ ಜೋಳಿಗೆ ಹಿಡಿದು ಹೊರಟರೆ ಎಪ್ಪತ್ತು ವರ್ಷದ ಮುದುಕರೂ ಕಾಲಿಗೆ ಬೀಳುತ್ತಿದ್ದರು. ಬಿದ್ದೆದ್ದವರೇ ಜೋಳಿಗೆಗೆ ಹುಳ ಹಿಡಿದ ಅಕ್ಕಿ ಸುರಿಯುತ್ತಿದ್ದರು. ಈ ಭಕ್ತಿಯನ್ನು ಕಂಡು ಕಂಡು ಅಡಿವೆಯ್ಯನಿಗೆ ಹೇಸಿಗೆ ಹುಟ್ಟಿತ್ತು. ಹುಬ್ಬಳ್ಳಿಗೆ ಓಡಿಹೋಗಿ ಆರು ವರ್ಷ ಮೋಟಾರು ರಿಪೇರಿ ಕಲಿತ. ಮೂವತ್ತೆಂಟನೆಯ ಇಸವಿಯಲ್ಲಿ ಮುಂಡಗೋಡಿಗೆ ಬಂದಾಗ ಅವನಿಗಿದ್ದದ್ದು ಒಂದೇ ಆಸೆ. ಜನ ತನ್ನನ್ನು ಮೇಸ್ತ್ರಿ ಎನ್ನಬೇಕು, ದುಡಿದದ್ದಕ್ಕೆ ಬೆಲೆ ಕೊಡಬೇಕು.

ಊರಿನಲ್ಲಿ ಮೋಟಾರು ಇದ್ದವರು ಬೆರಳೆಣಿಕೆಯಷ್ಟು. ಅವರಲ್ಲಿ ಸಾವುಕಾರ ಚನಬಸಪ್ಪನವರೇ ದೊಡ್ಡವರು, ಬುದ್ಧಿ ಒಂದು ಬಿಟ್ಟು ಮಿಕ್ಕಿದ್ದರಲ್ಲೆಲ್ಲ. ದಸರೆಯಲ್ಲಿ ಆಯುಧ ಪೂಜಿಸುವ ಖಂಡೇ ಪೂಜೆಯ ದಿನ ಅವರು ಮೋಟಾರಿನ ಮುಚ್ಚಳ ಎತ್ತಿಸಿ, ಇಂಜಿನ್ನಿನ ಮೇಲೆಯೇ ಹೋಳಿಗೆ, ಕೊಬ್ಬರಿ, ಬೆಲ್ಲ ಎಡೆ ಇಡಿಸಿದ್ದರು. ಏರಿಸಿದ ಎಡೆ ತೆಗೆದರೆ ಅಪಶಕುನವೆಂದು ಹಾಗೆಯೇ ಮುಚ್ಚಿದರು. ಇಲಿಗಳು ಹೋಳಿಗೆ ಮುಗಿಸಿ, ತಂತಿಗೆ ಸುತ್ತಿದ್ದ ಅರಿವೆಯನ್ನೂ ಕಡಿದು ಗೂಡು ಕಟ್ಟಿದವು. ಮೋಟಾರು ಸತ್ತಿತು. ಅಷ್ಟಾದರೂ ಸಾವುಕಾರರು ಡೌಲು ಬಿಡಲಿಲ್ಲ. ಮುಂದೆ ಎರಡು ಎತ್ತು ಹೂಡಿಸಿ, ಒಳಗೆ ಕೋಟು ತೊಟ್ಟು ಕುಳಿತು ಸಂತೆಗೆ ಹೋಗಿಬರುತ್ತಿದ್ದರು.

ಮೋಟಾರು ಚಾಲೂ ಮಾಡಿಕೊಟ್ಟರೆ ಸಂತೆಪೇಟೆಯ ತಮ್ಮ ಮಳಿಗೆಯನ್ನು ಅಂಗಡಿಗೆ ಬಿಟ್ಟುಕೊಡುವುದಾಗಿ ಅವರು ಮಾತು ಕೊಟ್ಟರು. ಅಡಿವೆಯ್ಯ ಹುಬ್ಬಳ್ಳಿಯಿಂದ ಹೊಸ ತಂತಿ ತಂದ. ಹಳೆಯದನ್ನು ಒಂದೊಂದಾಗಿ ಬಿಚ್ಚಿ, ಅಳತೆ ನೋಡಿ, ಅದೇ ಜಾಗಕ್ಕೆ ಹೊಸದನ್ನು ಕೂಡಿಸಿದ. ಬಿಸಿಯಾಗುವ ಕೊಳವೆಗೆ ತಾಗದಂತೆ ಬಿಗಿದು ಕಟ್ಟಿದ. ಮೂರನೆಯ ದಿನ ಗಾಡಿಯ ಕೆಳಗೆ ಅಂಗಾತ ಮಲಗಿ, ಕಾಲಿನಿಂದ ಸ್ಟಾರ್ಟರು ಒತ್ತಿರೆಂದು ಸಾವುಕಾರರನ್ನು ಕೇಳಿದ. ಅವರು ಒಪ್ಪಲಿಲ್ಲ.

"ನೀವು ಕೆಳಗ ಮಲಗೀರಿ ಅಯ್ನಾರ. ನಿಮ್ಮ ತಲಿ ಮ್ಯಾಲೆ ಕಾಲ ಒತ್ತಿ ನಾ ಯಾವ ನರಕಕ್ಕ ಹೋಗ್ಲಿ?"

ಅಯ್ಯ ಮಣ್ಣಿನಲ್ಲಿ ಹೊರಳಾಡಿದರೆ ನಡೆಯುತ್ತದೆ, ತಮ್ಮ ಕಾಲಿಗೆ ಮಾತ್ರ ಪಾಪ ತಾಗಬಾರದು! ಅಡಿವೆಯ್ಯ ತೆವಳಿ ಹೊರಬಂದು ತಾನೇ ಒತ್ತಿದ. ಇಂಜಿನ್ನು ಗುಡುಗಿತು. ಓಣಿಯ ಜನವೆಲ್ಲ ಕೂಡಿತು. ಮೇಸ್ತ್ರಿ ಎಂಬ ಮಾತು ಈಗ ಬಂತು, ಈಗ ಬಂತು ಎಂದು ಅವನು ಕಾಯುತ್ತಿರುವಾಗ ಚನಬಸಪ್ಪನವರು ಅವನ ಎಣ್ಣೆ ಮೆತ್ತಿದ ಕಾಲಿಗೆ ಅಡ್ಡಬಿದ್ದರು. ಅಯ್ಯನವರು ಕೈ ಇಟ್ಟರು, ಗಾಡಿಗೆ ಜೀವ ಬಂತು ಎಂದು ಜನರಿಗೆ ಸಾರಿದರು.

ಅಡಿವೆಯ್ಯನಿಗೆ ಮೈಯೆಲ್ಲ ಉರಿಯಿತು. ಮುಚ್ಚಳ ಎತ್ತಿ ಒಂದು ತಂತಿ ಕಿತ್ತ. ಇಂಜಿನ್ನು ನಿಂತಿತು.

"ಇದು ತಂತಿ ಕೆಲಸರೀ ಸಾವುಕಾರ್ರ. ಬೇಕಾದ್ರ ಈಗ ಅಡ್ಡಬಿದ್ದು ಚಾಲೂ ಮಾಡ್ರಿ, ನೋಡೂಣು."

ಮಂಕುಗಳ ಕಣ್ಣು ತೆರೆಸಿದೆನೆಂದು ಅವನು ಬೀಗಿದ. ಜನರ ಮುಖ ನೋಡಿದರೆ ಎಲ್ಲರೂ ಬೆವರುತ್ತಿದ್ದರು. ಅಯ್ಯನವರು ಸಿಟ್ಟಾದರು, ಗಾಡಿ ನಿಂತಿತು. ಅವರಿಗೆ ತಿಳಿದದ್ದು ಇಷ್ಟೇ. ಸಾವುಕಾರರು ಗಲ್ಲ ಗಲ್ಲ ಬಡಿದುಕೊಂಡರು. ವಿಧಿಯಿಲ್ಲದೆ ಅವನು ತಂತಿ ಕೂಡಿಸಿದ. ಗಾಡಿ ಮತ್ತೆ ಗುಡುಗಿತು, ಅಲ್ಲಿದ್ದ ಐವತ್ತು ತಲೆಗಳೂ ಒಮ್ಮೆಲೇ ಬಾಗಿದವು.

ಮಳಿಗೆ ಸಿಕ್ಕಿತು. ಎಂಟು ದಿನ ಒಂದು ಮೋಟಾರೂ ಬರಲಿಲ್ಲ. ಅಯ್ಯನವರಿಗೆ ಕೆಲಸ ಹಚ್ಚುವ ಧೈರ್ಯ ಯಾರಿಗಿದೆ? ಒಂಬತ್ತನೆಯ ದಿನ ಚಿಗಳ್ಳಿಯ ಕಾಶೆವ್ವ ಹಾಲು ಬತ್ತಿದ ಎಮ್ಮೆ ಹೊಡೆದುಕೊಂಡು ಬಂದಳು. ಇದು ಮೋಟಾರಿನ ಅಂಗಡಿ, ದನದ ಡಾಕ್ಟರರ ಹತ್ತಿರ ಹೋಗು ಎಂದು ಅವನು ಗದರಿದ. ಅವಳು ಕದಲಲಿಲ್ಲ.

"ಸಾವುಕಾರ್ರ ಗಾಡಿಗಾದ್ರ ಕೈ ಇಡ್ತೀರಿ. ಬಡವರ ಎಮ್ಮಿಗೆ ಇಡೂದಿಲ್ಲೇನ್ರಿ ಅಯ್ನಾರ?"

ಅಡಿವೆಯ್ಯ ಎದ್ದು ಬಂದು ಎಮ್ಮೆಯ ಹಣೆಯ ಮೇಲೆ ಕೈ ಇಟ್ಟ. ತೆಗೆಯುವಷ್ಟರಲ್ಲಿ ಮಳಿಗೆಯ ಮುಂದೆ ಇನ್ನೂ ಮೂರು ಎಮ್ಮೆ ಬಂದು ನಿಂತಿದ್ದವು.