ಮಂಚೇನಹಳ್ಳಿ ಬಸ್ಸಿನ ಚರ್ಚೆ

ಬೇಯಿಸಿದ ಕಡಲೆಕಾಯಿಯ ವಾಸನೆ ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಈಗ ತರಗತಿಯ ಬಾಗಿಲ ಬಳಿಯೂ ಹಾಗೇ ಆಯಿತು. ಒಳಗೆ ಯಾರೋ ಪೊಟ್ಟಣ ಬಿಚ್ಚಿದ್ದಾರೆ. ಮೂಗಿಗೂ ಕಿವಿಗೂ ಏನು ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ.

ಗೌರಿಬಿದನೂರಿನ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು ನಾನು. ಹುಟ್ಟಾ ಅನುಮಾನದವನು, ಹಾಲು ಕೊಂಡರೂ ಬೆರಳಿಗೆ ಹಚ್ಚಿ ನೋಡುವ ಪೈಕಿ. ಕೆಲವು ವರ್ಷಗಳ ಹಿಂದೆ, ಕೊಟ್ಟ ಕಥೆ ಓದಿ ಬಂದು ವಿದ್ಯಾರ್ಥಿಗಳೇ ಚರ್ಚೆ ನಡೆಸಬೇಕು, ನಾನು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕಬೇಕು ಎಂದಾಯಿತು. ಪಾಠಕ್ಕೆ ತೂಕಡಿಸುವ ಹುಡುಗರು ಚರ್ಚೆಯಲ್ಲಿ ಸರದಿಯಂತೆ ಎದ್ದು ಪ್ರಶ್ನೆ ಕೇಳುವುದೆಂದರೇನು? ಮೊದಲೇ ಮಾತಾಡಿಕೊಂಡು ಬಂದರೆ ಅಂಕ ಸೊನ್ನೆ ಎಂದು, ಮುಂದಿನ ಚರ್ಚೆ ನಡೆಸಬೇಕಿದ್ದ ಭಾಗ್ಯಳಿಗೆ ಎಚ್ಚರಿಸಿದೆ.

"ಹಂಗೇನಿಲ್ಲ ಸಾರ್" ಎಂದಳು. ಅಷ್ಟು ಬೇಗ ಅಂದದ್ದಕ್ಕೇ ನಾನು ನಂಬಲಿಲ್ಲ.

ಆ ಸಲದ ಕಥೆಯಲ್ಲಿ ತಂಗಿಯ ಮದುವೆಗೆ ಅಕ್ಕ ಬರುವುದಿಲ್ಲ. ಯಾಕೆಂದು ಕಥೆ ಬಾಯಿಬಿಡುವುದಿಲ್ಲ. ಚರ್ಚೆಯ ಹಿಂದಿನ ಸಂಜೆ, ಏನೂ ಕೆಲಸವಿಲ್ಲದಿದ್ದರೂ, ಅವರೆಲ್ಲ ಊರಿಗೆ ಹೋಗುವ ಮಂಚೇನಹಳ್ಳಿ ಬಸ್ಸು ಹತ್ತಿದೆ. ಕಡಲೆಕಾಯಿ ಸುಲಿಯುತ್ತಾ ಶಿಷ್ಯರು ಮುಂದೆ. ಪೇಪರಿನ ಮರೆಯಲ್ಲಿ ನಾನು ಹಿಂದೆ.

"ಅಕ್ಕ ಯಾಕೆ ಬರ್ಲಿಲ್ಲ ಅಂತ ನಾನು ಕೇಳ್ತೀನಿ, ನೀನು ತ್ಯಾಗ ಅನ್ನು" ಎಂದ ಒಬ್ಬ. ಸಿಕ್ಕಿಬಿದ್ದರು ಕಳ್ಳರು ಎಂದುಕೊಂಡೆ.

"ತ್ಯಾಗ ಅಂತೆ ತ್ಯಾಗ" ಎಂದಳು ಭಾಗ್ಯ. "ಹೊಟ್ಟೆಕಿಚ್ಚು ಕಣೋ. ನನಗಿಂತ ಮುಂಚೆ ನಮ್ಮ ತಂಗಿ ಮದುವೆ ಆಯ್ತಲ್ಲ, ಧಾರೆ ಹೊತ್ತಿಗೆ ನಾನು ಅಡುಗೆಮನೇಲಿ ಕೂತಿದ್ದೆ. ಎಷ್ಟು ಕೆಲಸ ಮಾಡ್ತಾಳೆ, ದೊಡ್ಡ ಗುಣ ಅಂದ್ರು ಜನ. ನನಗೆ ನೋಡಕ್ಕಾಗ್ಲಿಲ್ಲ, ಅಷ್ಟೇ."

ಗೆಳತಿಯೊಬ್ಬಳು ಸುಲಿದ ಕಾಳುಗಳನ್ನು ಅವಳ ಅಂಗೈಗೆ ಹಾಕಿದಳು. ನನಗೆ ನಾಚಿಕೆಯಾಗಿ ಮುಂದಿನ ಸ್ಟಾಪಿನಲ್ಲೇ ಇಳಿದೆ. ಇಳಿಯುವಾಗ ಭಾಗ್ಯ ನನ್ನನ್ನು ನೋಡಿಬಿಟ್ಟಳು.

ಮರುದಿನ ಪ್ರಶ್ನೆ ಬಂತು. ತ್ಯಾಗ ಎಂಬ ಉತ್ತರವೂ ಬಂತು. ತಡೆಯಲಾರದೆ ಹಿಂದಿನ ಬೆಂಚಿನಿಂದ ಭಾಗ್ಯಳನ್ನು ಕೇಳಿದೆ, "ಹೊಟ್ಟೆಕಿಚ್ಚು ಇರಬಾರದೇನಮ್ಮ?"

"ಇರ್ಬೋದು ಸಾರ್" ಎಂದಳು, ನನ್ನನ್ನೇ ನೋಡುತ್ತಾ. "ಅದು ಬಸ್ಸಲ್ಲಿ ಹೇಳೋ ಮಾತು. ಇಲ್ಲಿ ನೀವು ಅಂಕ ಹಾಕ್ತೀರ."

ಅವಳಿಗೆ ಪೂರ್ತಿ ಅಂಕ ಹಾಕಿದೆ. ಆಮೇಲೆ ಚರ್ಚೆಗೆ ಅಂಕ ಹಾಕುವುದನ್ನೇ ಬಿಟ್ಟೆ.

ಅನುಮಾನ ಮಾತ್ರ ಬಿಟ್ಟಿಲ್ಲ. ಈಗ ಒಳಗೆ ಯಾವುದೋ ಕಥೆಯ ಮೇಲೆ ಜಗಳ ಜೋರಾಗಿದೆ; ನಾನು ಕಾಲಿಟ್ಟರೆ ಎಲ್ಲರೂ ಸಭ್ಯರಾಗಿಬಿಡುತ್ತಾರೇನೋ ಎಂದು ಬಾಗಿಲಲ್ಲೇ ನಿಂತಿದ್ದೆ. ಕೊನೆಗೆ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಜಗಳ ನಿಲ್ಲಲಿಲ್ಲ. ಒಬ್ಬ ಹುಡುಗಿ ಜರುಗಿ ಜಾಗ ಕೊಟ್ಟು, ಕೈಗೆ ಒಂದು ಹಿಡಿ ಕಡಲೆಕಾಯಿಯನ್ನೂ ಹಾಕಿದಳು. ಒಂದನ್ನು ಒಡೆದು ನೋಡಿದೆ. ಹುಳುಕಿರಲಿಲ್ಲ.