ಅಕ್ಕನ ಇನ್ನೊಂದು ಕೆನ್ನೆ

ತಾಂಡೂರಿನ ನಮ್ಮ ಅಕ್ಕ ಊಟವಾದ ಮೇಲೆ ತಂಬಾಕಿಗೆ ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅಲ್ಲಿ ಬಿಳಿ ಕಲೆ ಎದ್ದಾಗ ಸುಣ್ಣ ಸುಟ್ಟಿದೆ ಎಂದುಕೊಂಡು, ನಮ್ಮ ಕಡೆಯ ಹೆಂಗಸರು ಮಾಡುವಂತೆ, ಬಲಗೆನ್ನೆಗೆ ಬದಲಿಸಿದಳು. ನಾನು ಜಹೀರಾಬಾದಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಲೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿ ಬಂದ ದಿನ ಅವರು, “ಇನ್ನೂ ಕ್ಯಾನ್ಸರ್ ಅಲ್ಲರಿ, ಆದರ ಆಗಬಹುದು. ಮೈ ಕಾಯೋ ಜೀವಕೋಶಗಳು ಕಲೆಯ ಕೆಳಗ ಬಂದು ಕೂಡ್ಯಾವ, ಆದರ ಸುಸ್ತಾಗ್ಯಾವ. ತಂಬಾಕು ಬಿಡ್ರಿ” ಎಂದರು.

ಅಕ್ಕನಿಗೆ ಕಾವಲಿನ ಮಾತಷ್ಟೇ ಕೇಳಿಸಿತ್ತು. “ಕಾಯೋರು ಅದಾರಂತಲ್ಲ, ನೀ ಯಾಕ ಅಂಜತಿ? ಈ ಕೆನ್ನಿ ಮುಟ್ಟಂಗಿಲ್ಲ, ಆತಿಲ್ಲೋ?” ಎಂದು ಎಡಗೆನ್ನೆ ತೋರಿಸಿ, ಊರಿಗೆ ಮರಳುವ ಆಟೊದಲ್ಲೇ ಸುಣ್ಣದ ಡಬ್ಬಿ ತೆಗೆದಳು.

“ಆ ಕೆನ್ನಿ ತೋರಸು,” ಎಂದೆ.

ನಗುತ್ತ ಬಾಯಿ ತೆರೆದಳು. ಬಲಗೆನ್ನೆಯೊಳಗೆ, ಹಾಲಿನ ಕೆನೆಯಷ್ಟು ತೆಳ್ಳಗೆ, ಇನ್ನೊಂದು ಬಿಳುಪು ಹಬ್ಬತೊಡಗಿತ್ತು.