ರೋಸಿಗೆ ಎತ್ತಿಟ್ಟ ತೆಂಗಿನಕಾಯಿ

ಬೆಳಿಗ್ಗೆ ಬಂಗುಡೆ ಮೀನಿನ ಗಸಿಗೆಂದು ಸಲಾಲಾದ ತೆಂಗಿನಕಾಯಿ ಒಡೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ತುಂಬಿತು. ಅಡುಗೆಮನೆಯಲ್ಲಿ ಅಳುವುದಕ್ಕೆ ನನಗೆ ಈರುಳ್ಳಿಯ ನೆಪ ಬೇಕು. ಇವತ್ತು ಅದನ್ನಿನ್ನೂ ಹೆಚ್ಚಿರಲಿಲ್ಲ.

ಒಮಾನಿನ ಈ ವಾದಿ ಕಬೀರಿನಲ್ಲಿ ನಮ್ಮ ಎದುರು ಫ್ಲ್ಯಾಟಿನವಳು ಹಿಲ್ಡಾ, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರವಳು. ಅವಳು ಮೆಚ್ಚಿದ್ದು ಸಲಾಲಾ ಬಂದರಿನಲ್ಲಿ ಕೆಲಸಕ್ಕಿದ್ದ ಒಮಾನಿ ಸಲೀಮನನ್ನು. ಆಗ ಇಲ್ಲಿಯವರು ಪರದೇಶದವರನ್ನು ಮದುವೆಯಾಗಲು ಸರಕಾರದ ಅನುಮತಿ ಬೇಕಿತ್ತು. ಅರ್ಜಿ ಹಾಕಿದಾಗಲೆಲ್ಲ ಸಲೀಂ ತನ್ನೂರಿನ ತೆಂಗಿನಕಾಯಿಯೊಂದನ್ನು ತಂದುಕೊಡುತ್ತಿದ್ದ. ಹಿಲ್ಡಾಳ ಕಡೆಯವರಲ್ಲಿ ಮದುವೆಯ ಮುಂಚೆ ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವ ರೋಸ್ ಎಂಬ ಶಾಸ್ತ್ರವಿದೆ. ಅದಕ್ಕೆಂದು ಕಾಯಿ ಫ್ರಿಜ್ಜಿನ ಮೇಲೆ ಕೂರುತ್ತಿತ್ತು. ಅರ್ಜಿ ತಿರಸ್ಕಾರವಾದ ದಿನ ಅದೇ ಗಸಿಯಾಗುತ್ತಿತ್ತು. ಊಟಕ್ಕೆ ನನ್ನನ್ನೂ ಕರೆಯುತ್ತಿದ್ದಳು. ನಾನೋ ಹೊಟ್ಟೆಬಾಕಿ, ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದೆ.

“ಊರಿಗೆ ಹೋಗಿ ಮದುವೆ ಆಗಿ ಬನ್ನಿ ಮಾರಾಯ್ತಿ,” ಎಂದರೆ ಒಪ್ಪುತ್ತಿರಲಿಲ್ಲ. “ಬೇಡ ಅಕ್ಕ. ಕದ್ದು ಆದ್ರೆ ನಾಳೆ ಮಕ್ಕಳಿಗೆ ಕಾಗದಪತ್ರ ಯಾರು ಕೊಡ್ತಾರೆ? ಹೌದು ಅಂತ ಅವರ ಬಾಯಿಂದಲೇ ಬರ್ಬೇಕು.”

ಕೊನೆಯ ಅರ್ಜಿಗೆ ಉತ್ತರ ಬರುವ ಮೊದಲೇ ಸಲಾಲಾ ದಾರಿಯಲ್ಲಿ ಸಲೀಮನ ಕಾರು ಮಗುಚಿತು. ಆಸ್ಪತ್ರೆಗೆ ಹಿಲ್ಡಾಳ ಜೊತೆ ನಾನೂ ಹೋಗಿದ್ದೆ. ಐಸಿಯು ಬಾಗಿಲಲ್ಲಿ ನರ್ಸ್ ಕೇಳಿದಳು, “ಬೀವಿ ಹೈ?” ಹೆಂಡತಿ ಹೌದೆನ್ನು ಎಂದು ನಾನು ಹಿಲ್ಡಾಳ ಕೈ ಚಿವುಟಿದೆ. ಅವಳು “ನಹೀಂ” ಎಂದಳು. ಒಳಗೆ ಬಿಡುತ್ತಿದ್ದುದು ಮನೆಯವರನ್ನು ಮಾತ್ರ. ನಾವು ಹೊರಗೇ ನಿಂತೆವು. ಅವನು ಹೋದ ಸುದ್ದಿ ನಮಗೆ ಸಿಕ್ಕಿದ್ದು ಮಣ್ಣು ಮಾಡಿದ ಮೇಲೆ. ನಿಜ ಹೇಳುತ್ತೇನೆ, ಕಾನೂನಿಗಿಂತ ಹೆಚ್ಚು ಸಿಟ್ಟು ನನಗೆ ಹಿಲ್ಡಾಳ ಮೇಲೇ ಬಂದಿತ್ತು.

ಆಮೇಲೆ ಕಾನೂನು ಬದಲಾಯಿತು. ಅನುಮತಿಯೇ ಬೇಡವೆಂದರು. ಆ ಶುಕ್ರವಾರ ಹಿಲ್ಡಾ ಫ್ರಿಜ್ಜಿನ ಮೇಲಿದ್ದ ಕೊನೆಯ ಕಾಯಿ ಹಿಡಿದು ನಮ್ಮನೆಗೆ ಬಂದಳು. ಒಡೆದರೆ ಒಳಗೆ ಒಣ ಕೊಬ್ಬರಿ. “ಹಾಲು ಬರ್ಲಿಕ್ಕಿಲ್ಲ ಅಕ್ಕ,” ಎಂದು ಹೋಳುಗಳನ್ನು ಅಲ್ಲೇ ಬಿಟ್ಟು ಹೋದಳು.

ಇವತ್ತಿನ ಕಾಯಿಯಲ್ಲಿ ಬೇಕಾದಷ್ಟು ಹಾಲಿತ್ತು. ಗಸಿಗೆ ಹಾಕಲು ಕೈ ಬರಲಿಲ್ಲ. ಹಿಂಡಿದ ಹಾಲಿನ ಬಟ್ಟಲು ಹಿಡಿದು ಎದುರು ಬಾಗಿಲು ತಟ್ಟಿದೆ. ಹಿಲ್ಡಾ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಯಿತು.

“ಈಗ ಯಾರ ಮದುಮಗಳು ಅಂತ ಹೊಯ್ತೀರಿ ಅಕ್ಕ? ಗಸಿಗೆ ಹಾಕಿ, ಬಂಗುಡೆ ಹಾಳಾಗ್ತದೆ.”

ಹಾಕಿದೆ. ನಮ್ಮ ಮನೆಯಲ್ಲೇ ಇಬ್ಬರೂ ಊಟಕ್ಕೆ ಕೂತೆವು. ನನಗೆ ಮೊದಲ ತುತ್ತೇ ಇಳಿಯಲಿಲ್ಲ.